ಕಣೇ ಪತ್ರ

ಬೇರುಮನೆ, ಮೈಸೂರು
ಫೆಬ್ರವರಿ ಮೂವತ್ತೊಂದು, ೨೨೧೯

ಪ್ರಿಯ ಮೇಘಶ್ರೀ ಅವರಿಗೆ,

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತೊಂದು ದಿನ. ನಿಮಗೆ ತಿಳಿಯದ ಪದಗಳು ಬಂದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡ ಕಲಿಯಲು ನನಗೆ ಒಂದು ಮಳೆಗಾಲವೇ ಹಿಡಿಯಿತು. ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ, ಅಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆ. ಒಬ್ಬರಿಗೆ ಜೀವಮಾನಕ್ಕೆ ಒಂದೇ ಕಾಗದ. ಮುತ್ತಜ್ಜಿಗೆ ಬರೆ ಎಂದು ಮನೆಯವರೆಲ್ಲ ದುಂಬಾಲು ಬಿದ್ದರು. ನಾನು ನಿಮಗೆ ಬರೆಯುತ್ತಿದ್ದೇನೆ.

ನನ್ನ ಹೆಸರು ಚಂದ್ರಲಾ, ವಯಸ್ಸು ಅರವತ್ತೊಂದು. ರಾಗಿಯ ಬೇರಿನ ಶಿಲೀಂಧ್ರಗಳ ಮೇಲೆ ಕೆಲಸ, ಅಂದರೆ ನಿಮ್ಮದೇ ಕೆಲಸದ ಮುಂದುವರಿಕೆ. ಇಲ್ಲಿ ಹೊಸದಾಗಿ ಸಂಶೋಧನೆಗೆ ಸೇರಿದವರಿಗೆ ಮೊದಲ ವಾರವೇ ಮೂವರು ಕೈಮರಗಳು ಸಿಗುತ್ತಾರೆ. ನಿಮಗೆ ಕೈಮರವೆಂದರೆ ದಾರಿ ತೋರಿಸುವ ಕಂಬ. ನಮಗೆ ದಾರಿ ತೋರಿಸುವ ಮನುಷ್ಯ. ಒಬ್ಬರು ನಮ್ಮ ವಿಷಯದವರು, ಇನ್ನೊಬ್ಬರು ಬೇರೆ ಊರಿನವರು, ಮತ್ತೊಬ್ಬರು ಸಂಶೋಧನೆ ಬಿಟ್ಟು ಬೇರೆ ಕೆಲಸದಲ್ಲಿ ನೆಮ್ಮದಿಯಾಗಿರುವವರು. ಗುರುವಾರ ಮಧ್ಯಾಹ್ನ ಊಟವಾದ ಮೇಲೆ ಕೆಟ್ಟ ಪ್ರಯೋಗಗಳ ಸಂತೆ. ಆ ವಾರ ಕೈಕೊಟ್ಟದ್ದನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ಕೂರುತ್ತೇವೆ. ನೋಡಲು ಬಂದವರು ಒಂದು ಸಲಹೆ ಕೊಡದೆ ಕಾಫಿ ಮುಟ್ಟುವಂತಿಲ್ಲ. ನನಗೆ ಮೊದಲ ಕೆಲಸ ಸಿಕ್ಕಿದ್ದು ಅಲ್ಲೇ, ಕೊಳೆತ ಬೇರುಗಳ ತಟ್ಟೆಯ ಮುಂದೆ. ಆದರೆ ಇದಕ್ಕೆಲ್ಲ ಮೊದಲು ಹೊಸಬರು ಒಂದು ಕಣೇ ಪತ್ರ ಬರೆಯಬೇಕು. ಪರಿಚಯವೇ ಇಲ್ಲದ ಹಿರಿಯರೊಬ್ಬರಿಗೆ, ಮಾನ್ಯರೇ ಗೀನ್ಯರೇ ಇಲ್ಲದೆ, ತನಗೇನು ಅರ್ಥವಾಗುತ್ತಿಲ್ಲ ಎಂದು ನೇರವಾಗಿ ಹೇಳುವ ಪತ್ರ. ಪತ್ರ ಪಡೆಯುವವರು ಗಂಡಸಾಗಲಿ ಹೆಂಗಸಾಗಲಿ, ಮೊದಲ ವಾಕ್ಯ ‘ಕಣೇ’ ಎಂದೇ ಮುಗಿಯಬೇಕು. ಅವರು ಉತ್ತರ ಕೊಡಲೇಬೇಕು.

ಈ ಪದ ಎಲ್ಲಿಂದ ಬಂತೆಂದು ಹೊಳೆದು ನಿಮಗೆ ಈಗ ನಾಚಿಕೆಯಾಗುತ್ತಿರಬೇಕು. ನಿಮ್ಮ ಲೆಕ್ಕದಲ್ಲಿ ಹದಿನೇಳು ದಿನಗಳ ಹಿಂದೆ ನೀವು ಎರಡು ಮೇಲ್ ಬರೆದಿರಿ. ಪ್ರೊಫೆಸರ್ ವರದರಾಜು ಅವರಿಗೆಂದು ತಿದ್ದಿ ತೀಡಿ ಬರೆದ ನಾಲ್ಕು ಪ್ಯಾರಾದ ‘ಮಾನ್ಯರೇ’ ನಿಮ್ಮ ಗೆಳತಿ ಹಂಸಾಳಿಗೆ ಹೋಯಿತು. ‘ಏನೇ ಇದು, ನಾನ್ಯಾವಾಗ ಮಾನ್ಯರೇ ಆದೆ?’ ಎಂದು ಅವಳು ಕೇಳಿದಾಗಲೇ ಎರಡೂ ಅದಲುಬದಲಾದದ್ದು ನಿಮಗೆ ಗೊತ್ತಾದದ್ದು. ಹಂಸಾಳಿಗೆ ಬರೆದದ್ದು ಎಪ್ಪತ್ತು ದಾಟಿದ ಪ್ರೊಫೆಸರರನ್ನು ಸೇರಿತ್ತು: ‘ನಂಗೇನೂ ಅರ್ಥ ಆಗ್ತಿಲ್ಲ ಕಣೇ. ಎರಡು ವರ್ಷದಿಂದ ರಾಗಿ ಬೇರು ತೊಳೀತಾ ಕೂತಿದೀನಿ. ಯಾರನ್ನ ಕೇಳ್ಬೇಕು ಅಂತಾನೂ ಗೊತ್ತಿಲ್ಲ. ಬಿಟ್ಬಿಡ್ಲಾ?’ ಅಯ್ಯೋ, ಇದನ್ನು ಓದಿದಾಗಲೆಲ್ಲ ನನಗೆ ಮೊದಲು ನಗು ಬರುತ್ತದೆ, ಆಮೇಲೆ ಅಳು.

ಪ್ರೊಫೆಸರರಿಂದ ಉತ್ತರ ಬಂದಿಲ್ಲ. ಅವರಿಗೆ ಸಿಟ್ಟು ಬಂದಿದೆ, ಇನ್ನು ಈ ಕ್ಷೇತ್ರದಲ್ಲಿ ಮುಖ ತೋರಿಸುವಂತಿಲ್ಲ ಎಂದುಕೊಂಡು, ಸಂಶೋಧನೆ ಬಿಡುವ ಅರ್ಜಿ ಬರೆದು ಬ್ಯಾಗಿನಲ್ಲಿಟ್ಟುಕೊಂಡಿದ್ದೀರಿ. ನಾಳೆ ಕಚೇರಿಗೆ ಕೊಡುವವರಿದ್ದೀರಿ. ಸ್ವಲ್ಪ ತಡೆಯಿರಿ ತಾಯಿ. ಅವರಿಗೆ ಸಿಟ್ಟೂ ಇಲ್ಲ, ಗಿಟ್ಟೂ ಇಲ್ಲ. ಕಣ್ಣಿನ ಪೊರೆಯ ಆಪರೇಷನ್ ಮಾಡಿಸಿಕೊಂಡು ಮನೆಯಲ್ಲಿದ್ದಾರೆ. ಕಂಪ್ಯೂಟರ್ ಮುಟ್ಟಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ನಾಡಿದ್ದು ಬೆಳಿಗ್ಗೆ ಬರೆಯುತ್ತಾರೆ: ‘ನಾನು ಕಣೇ ಅಲ್ಲಮ್ಮ, ಕಣೋ. ನಂಗೂ ಮೂರು ವರ್ಷ ಏನೂ ಅರ್ಥ ಆಗಿರ್ಲಿಲ್ಲ. ಗುರುವಾರ ಬೇರು ತಗೊಂಡು ಬಾ.’ ಆ ದಿನ ನಿಮಗೆ ದಾರಿ ತೋರಿಸಲು ಅವರು ಇನ್ನಿಬ್ಬರನ್ನೂ ಕರೆದಿರುತ್ತಾರೆ. ನಮ್ಮ ಸಂತೆ ಶುರುವಾದದ್ದು ಆ ಮೇಜಿನಲ್ಲಿ.

ಅರ್ಜಿ ಏಕೆ ಕೊಡಲಿಲ್ಲವೆಂದು ಮುಂದೆ ನಿಮ್ಮ ನೋಟ್‌ಬುಕ್ಕಿನಲ್ಲಿ ಒಂದೇ ಸಾಲು ಬರೆಯುತ್ತೀರಿ: ‘ಯಾರೋ ತಡಿ ಅಂದ್ರು.’ ಆ ಯಾರೋ ಯಾರೆಂದು ಇಲ್ಲಿ ಒಬ್ಬರಿಗೂ ಗೊತ್ತಿಲ್ಲ. ಹುಡುಕಿ ಹುಡುಕಿ ಸಾಕಾಯಿತು. ಯಾರೂ ಹೇಳದೇ ಹೋದರೆ ಏನು ಗತಿ ಎಂದು ಭಯವಾಗಿ, ಕೊನೆಗೆ ನಾನೇ ಬರೆಯಲು ಕೂತೆ. ಇಪ್ಪತ್ತಾರನೆಯ ವಯಸ್ಸಿನಲ್ಲಿ ನನ್ನ ಬ್ಯಾಗಿನಲ್ಲೂ ಅಂಥದೇ ಅರ್ಜಿಯಿತ್ತು. ನನ್ನ ಕಣೇ ಪತ್ರಕ್ಕೆ ಉತ್ತರ ಬಂದ ದಿನ ಅದನ್ನು ಹರಿದು ಹಾಕಿದೆ.

ನಿಮಗಿಂತ ನಾನು ಹಿರಿಯಳೋ, ನನಗಿಂತ ನೀವು ಹಿರಿಯರೋ, ನನಗಂತೂ ತಿಳಿಯದು. ಒಂದೇ ಒಂದು ಸಲ ಏಕವಚನದಲ್ಲಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಇನ್ನೆರಡು ದಿನ ತಡಿ. ಉತ್ತರ ಬರುತ್ತೆ ಕಣೇ.

ಚಂದ್ರಲಾ