ಆರನೆಯ ಹೆಗಲು

ಏಕ್‌ವೇನ್, ಗ್ರೋನಿಂಗೆನ್ ಪ್ರಾಂತ್ಯ
೯ ನವೆಂಬರ್ ೨೦೧೭

ಪ್ರೀತಿಯ ವೊಲ್ಟರ್,

ನಿನ್ನ ಗಂಟಲು ಈಗ ಹೇಗಿದೆ? ಭಾನುವಾರ ಟೀವಿಯಲ್ಲಿ ಮಾತನಾಡುವಾಗ ಮತ್ತೆ ಮತ್ತೆ ನೀರು ಕುಡಿಯುತ್ತಿದ್ದೆ. ಹೇಗ್ ನಗರದ ಕಡಲಗಾಳಿ ನಿನಗೆ ಮೊದಲಿನಿಂದಲೂ ಒಗ್ಗದು. ಹೊರಗೆ ಹೊರಡುವಾಗ ಕುತ್ತಿಗೆಗೆ ಉಣ್ಣೆಯ ಮಫ್ಲರ್ ಸುತ್ತಿಕೋ. ನನ್ನ ವಿಷಯ ಆಮೇಲೆ ಬರೆಯುತ್ತೇನೆ. ಮೊದಲು ಒಂದು ತಿದ್ದುಪಡಿ.

ಕಳೆದ ವಾರದ ಪತ್ರಿಕೆಯಲ್ಲಿ ನಿನ್ನ ಸಂದರ್ಶನವನ್ನು ಓದಿದೆ. “ನಮ್ಮ ಕಡೆ ಸತ್ತವರನ್ನು ನೆರೆಹೊರೆಯವರೇ ಹೊರುತ್ತಾರೆ. ನನ್ನ ಮೊದಲ ಕಕ್ಷಿದಾರಳಾದ ಫೆನ್ನಾಳನ್ನು ನಾವು ಆರು ಮಂದಿ ಹೊತ್ತೆವು. ಆ ಭಾರ ಇಂದಿಗೂ ನನ್ನ ಹೆಗಲ ಮೇಲಿದೆ” ಎಂದು ಹೇಳಿದ್ದೀಯೆ. ವಾಕ್ಯರಚನೆಯಲ್ಲಿ ದೋಷವಿಲ್ಲ. ದೋಷವಿರುವುದು ಸಂಗತಿಯಲ್ಲಿ. ಫೆನ್ನಾಳ ಪೆಟ್ಟಿಗೆ ಚರ್ಚಿನ ಬಾಗಿಲು ದಾಟಿದಾಗ ನಿನ್ನ ಕಾರು ಇನ್ನೂ ಹೆದ್ದಾರಿಯಲ್ಲಿತ್ತು. ನೀನು ಬಂದದ್ದು ಮಣ್ಣು ಮುಚ್ಚಿದ ಮೇಲೆ, ಕಾಫಿಯ ಹೊತ್ತಿಗೆ. ಒಂದು ಕೈಯಲ್ಲಿ ಕೇಕಿನ ತುಂಡು ಹಿಡಿದು, ಇನ್ನೊಂದರಿಂದ ಎಲ್ಲರ ಕೈ ಕುಲುಕಿ, ಫೋಟೊ ತೆಗೆಸಿಕೊಂಡು ಹೊರಟುಹೋದೆ.

ಹೊರುವ ಸರದಿ ನಮ್ಮ ಮನೆಗೂ ಇತ್ತು. ನಿನ್ನ ತಂದೆ ಇಲ್ಲದ ಮೇಲೆ ಆ ಹೆಗಲು ನಿನ್ನದು. “ಬಂದೇ ಬರ್ತೀನಮ್ಮ, ನನಗೋಸ್ಕರ ಕಾಯೋಕೆ ಹೇಳು” ಎಂದು ನೀನು ಫೋನಿನಲ್ಲಿ ಹೇಳಿದ್ದನ್ನು ನಾನು ಹೆಮ್ಮೆಯಿಂದ ಎಲ್ಲರಿಗೂ ತಿಳಿಸಿದ್ದೆ. ಕಳೆದ ಫೆಬ್ರವರಿಯ ಚಳಿ, ಪಾದ್ರಿಗಳು ಬಾಗಿಲನ್ನು ತೆರೆದಿಟ್ಟುಕೊಂಡೇ ಕಾದರು. ಕೊನೆಗೆ ಪಕ್ಕದ ಹೊಲದ ಹಾರ್ಮ್ ನನ್ನ ಬಳಿ ಬಂದು, “ಟೀಚರ್, ನಿಮ್ಮ ಮಗರಾಯ ಬರ್ತಾನೋ, ಇಲ್ಲಾ ಭಾಷಣ ಬರೆದು ಕಳಿಸ್ತಾನೋ?” ಎಂದ. ಯಾರೂ ನಗಲಿಲ್ಲ. ನಾನು ಕೈಚೀಲವನ್ನು ಫೆನ್ನಾಳ ಮಗಳು ರೋಲಿಗೆ ಕೊಟ್ಟು, ಹಿಂದಿನ ಎಡಮೂಲೆಗೆ ಹೋಗಿ ನಿಂತೆ. ಎಪ್ಪತ್ತಾರು ವರ್ಷದ ಹೆಗಲು, ಅದೂ ಗಿಡ್ಡ ಹೆಂಗಸಿನದು. ಪೆಟ್ಟಿಗೆ ನನ್ನ ಕಡೆ ವಾಲಬಾರದೆಂದು ಬಲಗಡೆಯಲ್ಲಿದ್ದ ಹಾರ್ಮ್ ಗೋರಿಯವರೆಗೂ ಮಂಡಿ ಬಗ್ಗಿಸಿಕೊಂಡೇ ನಡೆದ. ಆರನೆಯ ಹೆಗಲು ಯಾರದೆಂಬುದು ಈಗ ಸ್ಪಷ್ಟವಾಯಿತೆಂದು ಭಾವಿಸುತ್ತೇನೆ.

ಫೆನ್ನಾ ನಿನಗೆ ಯಾರಾಗಿದ್ದಳೆಂಬುದನ್ನು ನಾನು ನೆನಪಿಸಬೇಕಾಗಿರಲಿಲ್ಲ. ಬೇಲಿ ಹಾರಿ ಅವಳ ಪೇರಳೆ ಕದಿಯುತ್ತಿದ್ದ ನಿನ್ನನ್ನು ಹಿಡಿದು, “ಏನೋ ವಕೀಲಾ, ಇದಕ್ಕೆ ಯಾವ ಕಾನೂನು ಹೇಳ್ತೀಯೋ ಈಗ?” ಎಂದು ಕಿವಿ ಹಿಂಡುತ್ತಿದ್ದಳು. ನಿನಗೆ ಆ ಹೆಸರಿಟ್ಟವಳೇ ಅವಳು. ನೆಲದಡಿಯ ಅನಿಲ ತೆಗೆದು ತೆಗೆದು ಭೂಮಿ ನಡುಗತೊಡಗಿ ಅವಳ ಗೋಡೆ ಸೀಳಿದಾಗ, ಹೊಸದಾಗಿ ಕರಿಕೋಟು ತೊಟ್ಟಿದ್ದ ನೀನು ಆ ಬಿರುಕಿನೊಳಗೆ ಕೈಯಿಟ್ಟು ನೋಡಿ, ಶುಲ್ಕವಿಲ್ಲದೆ ಮೊಕದ್ದಮೆ ನಡೆಸಿ ಗೆದ್ದೆ. ಅಂದು ನಾನು ಬೀದಿಯಲ್ಲಿ ತಲೆಯೆತ್ತಿ ನಡೆದೆ, ಅದನ್ನು ಮುಚ್ಚಿಡುವುದಿಲ್ಲ. ಆ ಗೆಲುವಿನಿಂದಲೇ ಪಕ್ಷ ನಿನ್ನನ್ನು ಕರೆದು ಸಂಸತ್ತಿಗೆ ಕಳಿಸಿತು. ಬಿರುಕುಬಿಟ್ಟ ಮನೆ ಕೆಡವುವ ಮೊದಲು ಅದೇ ಊರಿನಲ್ಲಿ ಹೊಸ ಮನೆ ಕಟ್ಟಿಕೊಡಬೇಕೆಂಬ ಮಸೂದೆಯ ಮೊದಲ ಕರಡನ್ನು ನೀನು ಬರೆದದ್ದೂ ಫೆನ್ನಾಳ ಅಡುಗೆಮನೆಯ ಮೇಜಿನ ಮೇಲೆಯೇ, ಅವಳು ಮಾಡಿದ ಬಟಾಣಿ ಸಾರು ಕುಡಿಯುತ್ತಾ.

ಆ ಮಸೂದೆ ಮತಕ್ಕೆ ಬಂದ ದಿನ ಅವಳು ನನ್ನ ಪಕ್ಕದಲ್ಲಿಯೇ ಕುಳಿತು ಟೀವಿ ನೋಡುತ್ತಿದ್ದಳು. ಸಂಸತ್ತಿನಲ್ಲಿ ಸಾಮಾನ್ಯವಾಗಿ ಪಕ್ಷಕ್ಕೊಬ್ಬರು ಕೈಯೆತ್ತಿದರೆ ಮುಗಿಯಿತು. ಅಂದು ಮಾತ್ರ ಒಬ್ಬೊಬ್ಬರ ಹೆಸರು ಕರೆದು ಮತ ಕೇಳಿದರು. ನಾನು ತರಗತಿಯಲ್ಲಿ ಹಾಜರಿ ಕರೆಯುತ್ತಿದ್ದಂತೆಯೇ. ನಿನ್ನ ಹೆಸರು ಬಂತು. ನೀನು ಎದ್ದು ನಿಂತು “ವಿರೋಧ” ಎಂದೆ. ಮೈತ್ರಿ ಸರಕಾರ, ಪಕ್ಷದ ನಿರ್ಧಾರ, ಎಲ್ಲವನ್ನೂ ಆಮೇಲೆ ನೀನು ವಿವರಿಸಿದ್ದೀಯೆ, ಮತ್ತೆ ಬೇಡ. ಫೆನ್ನಾ ಮಾತ್ರ ನನ್ನ ಮೊಣಕೈ ಮುಟ್ಟಿ, “ಪಾಪ, ಅವನಿಗೆ ನೆಗಡಿ ಆಗಿದೆ ಕಣೇ, ಧ್ವನಿ ಕೇಳಿದ್ಯಾ?” ಎಂದಳು. ಅಷ್ಟು ಹೇಳಿ ತನ್ನ ಕೋಟು ತೆಗೆದುಕೊಂಡು ಮನೆಗೆ ಹೋದಳು. ಆಮೇಲೆ ನಮ್ಮ ಮನೆಯ ಟೀವಿಯ ಮುಂದೆ ಅವಳು ಕೂರಲೇ ಇಲ್ಲ.

ಅವಳು ಹೋದ ಮೇಲೆ, ಜೂನಿನಲ್ಲಿ, ಬಿರುಕುಬಿಟ್ಟ ಅವಳ ಮನೆಯನ್ನು ಕೆಡವಿದರು, ಬದಲಿಗೆ ಬೇರೆ ಕಟ್ಟಿಕೊಡಲಿಲ್ಲ. ರೋಲಿ ಅಲ್ಲಿಯೇ ಸಂಸಾರ ಹೂಡುವವಳಿದ್ದಳು. ಈಗ ದೂರದ ಪಟ್ಟಣದಲ್ಲಿ ಬಾಡಿಗೆಗಿದ್ದಾಳೆ. ಪೇರಳೆ ಮರವೂ ಉಳಿಯಲಿಲ್ಲ. ನನ್ನ ಅಡುಗೆಮನೆಯ ಕಿಟಕಿಯಿಂದ ಈಗ ಕಾಲುವೆಯವರೆಗೂ ಬರಿ ಬಯಲೇ ಕಾಣುತ್ತದೆ.

ನಿನ್ನನ್ನು ಮಂತ್ರಿ ಮಾಡುತ್ತಾರೆಂದು ಕೇಳಿದೆ. ಆ ಪೀಠಕ್ಕೆ ಏರುವಾಗ ಫೆನ್ನಾಳ ಪೆಟ್ಟಿಗೆಯನ್ನು ಮೆಟ್ಟಿಲು ಮಾಡಿಕೊಳ್ಳಬೇಡ. ಪ್ರಮಾಣವಚನಕ್ಕೆ ಮೊದಲು ಪತ್ರಿಕೆಗೆ ಎರಡು ಸಾಲು ಬರೆದು ಸತ್ಯವನ್ನು ತಿಳಿಸು. ನೀನು ಬರೆಯದಿದ್ದರೆ ನಾನು ಬರೆಯುವುದಿಲ್ಲ. ಊರಿಗೆ ಗೊತ್ತಿದೆ, ಅಷ್ಟು ಸಾಕು. ಆದರೆ ಈ ಮನೆಯಲ್ಲಿ ಆ ಸಂದರ್ಶನದ ಮಾತನ್ನು ಯಾರೂ ಎತ್ತಕೂಡದು, ನೀನೂ ಸಹ.

ಹೊತ್ತಿಗೆ ಸರಿಯಾಗಿ ಊಟ ಮಾಡು, ಮಕ್ಕಳನ್ನು ಬೈಯಬೇಡ. ಅವರ ಹಣೆಗೆ ನನ್ನ ಪರವಾಗಿ ಮುತ್ತು ಕೊಡು. ದೇವರು ನಿನಗೆ ನೇರವಾಗಿ ನಿಲ್ಲುವ ಬೆನ್ನು ಕೊಡಲಿ.

ನಿನ್ನ ಅಮ್ಮ,
ಯಾಂತಿನಾ

ತಾ.ಕ.: ಅಂಚೆಯವನು ಬಾಗಿಲಲ್ಲಿದ್ದಾನೆ. ನನ್ನ ವಿಷಯ: ಆಸ್ಪತ್ರೆಯ ವರದಿ ಬಂದಿದೆ, ವಸಂತವನ್ನು ನಾನು ಕಾಣಲಾರೆ. ನನ್ನನ್ನು ಹೊರಲು ಐದು ಮನೆಗಳು ಒಪ್ಪಿವೆ. ಆರನೆಯ ಹೆಗಲು ಫೆನ್ನಾಳ ಮನೆಯದಾಗಬೇಕಿತ್ತು. ಅಲ್ಲಿ ಮನೆಯೇ ಇಲ್ಲ. ಹೆತ್ತ ತಾಯಿಯನ್ನು ಮಗ ಹೊರುವುದು ನಮ್ಮ ಪದ್ಧತಿಯಲ್ಲ, ಅವನು ಪೆಟ್ಟಿಗೆಯ ಹಿಂದೆ ನಡೆಯಬೇಕು. ಆದರೂ ನಿನ್ನನ್ನು ಸೇರಿಸಿಕೊಳ್ಳಿರೆಂದು ಕೇಳಿಕೊಂಡೆ. “ಅವನು ಬರ್ದೇ ಇದ್ರೆ ಏನ್ಮಾಡೋದು ಟೀಚರ್?” ಎಂದು ಹಾರ್ಮ್ ಕೇಳಿದ. “ಆ ಮೂಲೆಯಲ್ಲಿ ಬೇರೆ ಯಾರೂ ನಿಲ್ಲಬೇಡಿ, ಹಾರ್ಮ್, ಈ ಸಲ ನೀನೂ ಮಂಡಿ ಬಗ್ಗಿಸಬೇಡ, ಪೆಟ್ಟಿಗೆ ವಾಲಿಕೊಂಡೇ ಹೋಗಲಿ” ಎಂದೆ. ಇದಕ್ಕೆ ಒಪ್ಪಿ ನಿನ್ನೆ ನನ್ನ ಅಡುಗೆಮನೆಯಲ್ಲಿ ನಿಂತಿದ್ದವರು: ಬೇಕರಿಯ ಯಾನೆಸ್, ಎದುರುಮನೆಯ ಲ್ಯಾಂಬರ್ಟ್, ಕಾಲುವೆಯ ನೀರುಬಾಗಿಲು ಕಾಯುವ ಎಪ್ಪೊ, ಅವನ ಪಕ್ಕದ ಮನೆಯ ಗೆರ್ಟ್, ಹಾರ್ಮ್.