ಸ್ನಾನದ ಮನೆ ಸೇರಿದ ಹೊಗೆ

ವಾಯುಶುದ್ಧಿಯ ಮಾನ್ಯ ಅಧಿಕಾರಿಗಳೇ,

ಬೀದಿಯಲ್ಲಿ ಏನನ್ನೂ ಸುಡಬಾರದೆಂಬ ನಿಮ್ಮ ಆದೇಶದಿಂದ ನಮ್ಮ ಬೀದಿಯ ಗಾಳಿ ಶುದ್ಧವಾಗಿದೆ, ಅಭಿನಂದನೆಗಳು. ಅದೇ ಆದೇಶದಿಂದ ನನ್ನ ಅಮ್ಮ ಸಾಯುವುದರಲ್ಲಿದ್ದಳು. ಈ ಎರಡನೆಯ ಸಂಗತಿ ನಿಮ್ಮ ವರದಿಯಲ್ಲಿ ಸೇರಿರಲಾರದು, ಅದಕ್ಕೇ ಬರೆಯುತ್ತಿದ್ದೇನೆ.

ಸತ್ತವರಿಗಾಗಿ ಬಟ್ಟೆ, ಚಪ್ಪಲಿ, ಕನ್ನಡಕಗಳನ್ನು ಕಾಗದದಲ್ಲಿ ಮಾಡಿಕೊಡುವುದು ನಮ್ಮ ಮನೆತನದ ಕಸುಬು. ತೀರಿಕೊಂಡ ದಿನ ವರ್ಷಕ್ಕೊಮ್ಮೆ ಬಂದಾಗ ಮನೆಯವರು ಅವನ್ನು ಬೀದಿ ಮೂಲೆಯ ಇಟ್ಟಿಗೆ ಒಲೆಯಲ್ಲಿ ಸುಡುತ್ತಿದ್ದರು. ಸುಟ್ಟದ್ದು ಅವರಿಗೆ ಮುಟ್ಟುತ್ತದೆ, ಅರ್ಧ ಸುಟ್ಟರೆ ಅರ್ಧವೇ ಮುಟ್ಟುತ್ತದೆ ಎಂಬುದು ನಂಬಿಕೆ. ಮೂಢನಂಬಿಕೆ ಎನ್ನುತ್ತೀರಾ? ಅನ್ನಿ. ಹೊಗೆ ಒಳ್ಳೆಯದೆಂದು ನಾನೂ ವಾದಿಸುವುದಿಲ್ಲ, ನನ್ನ ಮಗಳಿಗೇ ಉಬ್ಬಸವಿದೆ. ಆದರೆ ಒಲೆ ಒಡೆಸಿ, ಆ ಜಾಗದಲ್ಲಿ ‘ಸ್ಮರಣೆ ಮನಸ್ಸಿನಲ್ಲಿರಲಿ’ ಎಂದು ಫಲಕ ನೆಡಿಸಿದಿರಲ್ಲ, ಆ ಸಾಲು ಬರೆದ ಮಹನೀಯರು ಯಾರನ್ನಾದರೂ ಕಳೆದುಕೊಂಡಿದ್ದಾರೆಯೇ? ಹಿಂದಿನ ಬೀದಿಯ ಕಾರ್ಖಾನೆಯ ಚಿಮಣಿಗೂ ಅಂಥದೊಂದು ಬುದ್ಧಿಮಾತು ಏಕಿಲ್ಲ?

ಕಳೆದ ಮಂಗಳವಾರ ಅಪ್ಪನ ವರ್ಷದ ದಿನ. ಅಮ್ಮ ಅವರ ಹಳೆಯ ಅಂಗಿಯನ್ನು ಟೇಪಿನಲ್ಲಿ ಅಳೆದು ಅಳೆದು ನನ್ನಿಂದ ಕಾಗದದ ಅಂಗಿ ಮಾಡಿಸಿದ್ದಳು.

“ತೋಳು ಒಂದು ಬೆರಳು ಉದ್ದ ಇರ್ಲಿ ಕಣೋ. ಗಿಡ್ಡ ತೋಳು ಅಂದ್ರೆ ಅವರಿಗೆ ಆಗಲ್ಲ.”

“ಸುಡೋದೆಲ್ಲಮ್ಮ? ಒಲೆನೇ ಇಲ್ವಲ್ಲ.”

“ನೋಡೋಣ ಬಿಡು.”

ಆ ‘ನೋಡೋಣ’ ಏನೆಂದು ನನಗೆ ಹೊಳೆಯಲಿಲ್ಲ. ಮಧ್ಯಾಹ್ನ ಅಂಗಡಿಯಿಂದ ಊಟಕ್ಕೆ ಬಂದರೆ ಮನೆಯಲ್ಲಿ ಅಮ್ಮನ ಸುಳಿವಿಲ್ಲ. ಸ್ನಾನದ ಮನೆಗೆ ಒಳಗಿನಿಂದ ಚಿಲಕ. ಕೂಗಿದರೆ ಉತ್ತರವಿಲ್ಲ. ಬಾಗಿಲನ್ನು ಕಾಲಿನಿಂದ ಒದ್ದಾಗ ಚಿಲಕ ಕಿತ್ತುಬಂತು. ಕಿಟಕಿಗೆ ರಟ್ಟು ಅಂಟಿಸಿ, ಬಾಗಿಲ ಸಂದಿಗೆ ಒದ್ದೆ ಟವೆಲು ತುರುಕಿ, ಕಬ್ಬಿಣದ ಬಕೆಟ್ಟಿನಲ್ಲಿ ಅಂಗಿಗೆ ಬೆಂಕಿ ಹಚ್ಚಿ, ಅಮ್ಮ ಅದರ ಪಕ್ಕದಲ್ಲೇ ಪ್ರಜ್ಞೆ ತಪ್ಪಿ ಬಿದ್ದಿದ್ದಳು. ಹೊಗೆ ನಿಮ್ಮ ಸಿಬ್ಬಂದಿಯ ಕಣ್ಣಿಗೆ ಬೀಳಬಾರದಲ್ಲ! ನಿಮ್ಮ ಆದೇಶವನ್ನು ಇಷ್ಟು ಅಚ್ಚುಕಟ್ಟಾಗಿ ಪಾಲಿಸಿದವರು ಊರಲ್ಲೇ ಇನ್ನೊಬ್ಬರಿರಲಾರರು. ಬಕೆಟ್ಟಿಗೆ ನೀರು ಸುರಿದು ಅವಳನ್ನು ಹೊರಗೆಳೆದೆ. ಕೆಮ್ಮಿ ಕೆಮ್ಮಿ ಕಣ್ಣು ಬಿಟ್ಟವಳು ಮೊದಲು ಬಕೆಟ್ಟಿನ ಕಡೆ ನೋಡಿದಳು.

“ನೀರು ಯಾಕೋ ಹಾಕ್ದೆ? ಒಂದು ತೋಳು ಹಾಗೇ ಉಳ್ಕೊಂಡಿದೆ. ನಿಮ್ಮಪ್ಪ ಒಂಟಿ ತೋಳಿನ ಅಂಗೀಲಿ ಓಡಾಡ್ಬೇಕಾ?”

“ಸತ್ತೇ ಹೋಗ್ತಿದ್ದೆಯಲ್ಲಮ್ಮ!”

“ಹೋಗಿದ್ರೆ ನಾನೇ ತೋಳು ಹೊಲಿದು ಕೊಡ್ತಿದ್ದೆ, ಬಿಡು.”

ನಗು ಬಂತೇ, ಮಾನ್ಯರೇ? ನಾನು ಅಂದಿನಿಂದ ಗಂಟೆಗೊಮ್ಮೆ ಅಂಗಡಿ ಬಿಟ್ಟು ಮನೆಗೆ ಓಡಿಬಂದು ಅಮ್ಮನನ್ನು ನೋಡಿ ಹೋಗುತ್ತಿದ್ದೇನೆ. ಉಳಿದದ್ದನ್ನು ತಿಂಗಳೊಳಗೆ ಸುಟ್ಟು ಮುಗಿಸಬೇಕೆಂಬುದು ನಮ್ಮವರ ಪದ್ಧತಿ. ಆ ತೋಳನ್ನು ಅವಳು ಬಿಸಿಲಿಗೆ ಒಣಗಿಸಿ, ಮಡಿಸಿ, ದಿಂಬಿನಡಿ ಇಟ್ಟುಕೊಂಡಿದ್ದಾಳೆ. ನಾನು ಬೆಂಕಿಪೊಟ್ಟಣ ಬಚ್ಚಿಡಬಹುದು. ಬೀದಿಯಲ್ಲಿ ಅಂಗಡಿಗಳಿಗೇನು ಬರವೇ? ನನ್ನ ಗಿರಾಕಿಗಳಲ್ಲಿ ಇನ್ನೆಷ್ಟು ಜನ ಕಿಟಕಿಗೆ ರಟ್ಟು ಅಂಟಿಸುತ್ತಿದ್ದಾರೋ! ಕಾಗದದ ಬಟ್ಟೆ ಕೊಳ್ಳಲು ಬಂದವರ ಮುಖ ನೋಡಲೂ ಈಗ ಭಯವಾಗುತ್ತದೆ.

ಮನೆಗಳಿಂದ ದೂರ, ಎತ್ತರದ ಚಿಮಣಿಯ ಒಂದೇ ಒಂದು ಒಲೆ ಕಟ್ಟಿಸಿಕೊಡಿ. ದಿನಕ್ಕೊಂದು ಗಂಟೆ ಸಾಕು. ನಿಮ್ಮ ಯಂತ್ರವನ್ನೂ ಪಕ್ಕದಲ್ಲೇ ಇಟ್ಟು ಹೊಗೆ ಅಳೆಯಿರಿ. ಅದು ಆ ಒಂದು ತಿಂಗಳು ತುಂಬುವುದರೊಳಗೆ ಆಗಬೇಕು. ಇವತ್ತು ಬೆಳಗ್ಗೆ ಬಕೆಟ್ಟು ತಿಕ್ಕಿ ತೊಳೆದು ಬೋರಲು ಹಾಕಿತ್ತು. ಅಮ್ಮ ಕಾಫಿ ಕೊಡುತ್ತಾ ಕೇಳಿದಳು: “ಸ್ನಾನದ ಮನೆ ಚಿಲಕ ಯಾವಾಗ ಹಾಕ್ಸಿಕೊಡ್ತೀಯೋ?”

ಇಂತಿ,
ಕಿತ್ತುಬಂದ ಆ ಚಿಲಕವನ್ನು ಜೇಬಿನಲ್ಲೇ ಇಟ್ಟುಕೊಂಡು ಓಡಾಡುತ್ತಿರುವ
ಕಾಗದದ ಅಂಗಿಯವನು