ಏಳನೇ ನಂಬರಿನ ಹುಟ್ಟು

ದೋಣಿ ಕ್ಲಬ್ಬಿನ ಉಗ್ರಾಣದಿಂದ,
ಶನಿವಾರ, ತಾರೀಖು ಹದಿನಾಲ್ಕು

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲೆ ವಿರಾಜಮಾನರಾಗಿರುವ ಗಣ್ಯರೇ, ಒದ್ದೆ ಚಡ್ಡಿಯಲ್ಲೇ ಬಂದು ಕುರ್ಚಿಗಳನ್ನು ನೆನೆಸುತ್ತಿರುವ ಸದಸ್ಯ ಬಾಂಧವರೇ, ದೋಣಿಯ ಹುಟ್ಟು ಮರದ್ದಿರಬೇಕೋ ಫೈಬರಿನದ್ದಿರಬೇಕೋ ಎಂಬ ಗಹನವಾದ ವಿಷಯದ ಮೇಲೆ ನಾಲ್ಕು ಮಾತಾಡಲು ಯಾರೂ ಕರೆಯದಿದ್ದರೂ ಎದ್ದು ನಿಂತಿದ್ದೇನೆ. ಸಭೆಯಲ್ಲಿರುವವನು ಒಬ್ಬನೇ ಶ್ರೋತೃ. ಅವನೂ ಎದ್ದು ಹೋಗಿ ಎಂಟು ತಿಂಗಳಾಯಿತು.

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಬಲಗೈ ಹೆಬ್ಬೆರಳಿನ ಊತ ಇಳಿಯಿತೇ? ಕಿಟಕಿ ಚೌಕಟ್ಟಿನ ಕಾರ್ಖಾನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಒಂದೇ ಅಳತೆಯ ಪಟ್ಟಿ ಕೊಯ್ಯುತ್ತೀಯಂತೆ, ಅತ್ತಿಗೆ ಫೋನಿನಲ್ಲಿ ಹೇಳಿದರು. ಒಂದು ಹುಟ್ಟಿನ ಹಾಗೆ ಇನ್ನೊಂದಿರಬಾರದು ಎಂದು ಹಟ ಹಿಡಿಯುತ್ತಿದ್ದವನ ಕೈಗೆ ಎಂಥ ಶಿಕ್ಷೆ! ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ನಾದಿನಿಯೋ ನೆಗೆಣ್ಣಿಯೋ ಎಂದು ಲೆಕ್ಕ ಹಾಕುತ್ತ ಕೂರಬೇಡ, ನನ್ನವಳು ನಿನ್ನನ್ನು ಕೇಳಿದಳೆಂದು ತಿಳಿಸಲು ಹೇಳಿದ್ದಾಳೆ. ಮಗಳ ಭುಜ ಪೂರ್ತಿ ವಾಸಿಯಾಗಿದೆ. ಕೈ ಎತ್ತಿದರೆ ಅಟ್ಟದ ತೊಲೆ ಮುಟ್ಟುತ್ತಾಳೆ. ಕೆಲಸ ಹೇಳಿದಾಗ ಮಾತ್ರ ನೋಯುತ್ತದೆ.

ಈಗ ಅವಳ ವಿಷಯಕ್ಕೇ ಬರೆಯುತ್ತಿರುವುದು. ಮುಂದಿನ ತಿಂಗಳು ನೊರೆನೀರಿನ ದೋಣಿ ಸ್ಪರ್ಧೆ. ಹುಡುಗಿ ಹೆಸರು ಕೊಟ್ಟಿದ್ದಾಳೆ. ನನ್ನ ಮುಂದೆ ಗೋಡೆಗೆ ಎರಡು ಹುಟ್ಟುಗಳು ಒರಗಿವೆ. ಒಂದು ಕ್ಲಬ್ಬಿನ ಹೊಸ ಫೈಬರು. ಇನ್ನೊಂದು ನೀನು ಕೆತ್ತಿದ ಎಂಟನೇ ನಂಬರು, ಅಟ್ಟದಲ್ಲಿ ಬಿದ್ದಿದ್ದನ್ನು ಅವಳೇ ಇಳಿಸಿ, ಎಣ್ಣೆ ಉಜ್ಜಿ ಇಟ್ಟಿದ್ದಾಳೆ. "ಅಪ್ಪಾ, ಯಾವ್ದು ತಗೊಳ್ಳಲಿ?" ಎಂದು ವಾರದಿಂದ ಕೇಳುತ್ತಿದ್ದಾಳೆ. ನಲವತ್ತು ಜನರ ಮುಂದೆ ಇದೇ ವಿಷಯಕ್ಕೆ ಗಂಟಲು ಹರಿಯುವಂತೆ ಭಾಷಣ ಬಿಗಿದವನಿಗೆ ಮಗಳ ಮುಂದೆ ಬಾಯಿ ಬರುತ್ತಿಲ್ಲ.

ಫೈಬರಿನ ಗುಣ ನಾನು ಹೇಳಬೇಕಿಲ್ಲ. ಬಂಡೆಗೆ ಬಡಿದರೆ ಟಕ್ ಅನ್ನುತ್ತದೆ, ಅಷ್ಟೇ. ಬಿಸಿಲಿಗಿಟ್ಟರೂ ಬಿರಿಯುವುದಿಲ್ಲ, ಎಣ್ಣೆ ಕೇಳುವುದಿಲ್ಲ, ಅಳಿಯನ ಹಾಗೆ ಉಪಚಾರ ಬೇಡುವುದಿಲ್ಲ. ಆದರೆ ಬೆಳಗಿನ ಚಳಿಯಲ್ಲಿ ಹಿಡಿದರೆ ಬೆರಳು ಕಚ್ಚುತ್ತದೆ. ನಿನ್ನದು ನೀರೆಳೆದಾಗ ಒಂದಿಷ್ಟು ಬಾಗಿ, ಆಮೇಲೆ ತಾನೂ ಒಂದು ಕೈ ಕೊಡುತ್ತದೆ. ಮಗಳು ಇದನ್ನು ನನಗಿಂತ ಚೆನ್ನಾಗಿ ಹೇಳಿದಳು: "ಫೈಬರು ನಾನು ಹೇಳಿದ್ದು ಕೇಳುತ್ತೆ ಅಪ್ಪಾ. ದೊಡ್ಡಪ್ಪಂದು ನೀರು ಏನು ಹೇಳ್ತಿದೆ ಅಂತ ನಂಗೆ ಹೇಳುತ್ತೆ." ಆದರೂ ಎಂಟನೇ ನಂಬರನ್ನು ಎತ್ತಿಕೊಂಡಾಗಲೆಲ್ಲ, ಅಲಗು ಶುರುವಾಗುವ ಕಡೆ, ಅದರ ಕುತ್ತಿಗೆಯನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡುತ್ತಾಳೆ. ನೋಡಿ, ಕೆಳಗಿಡುತ್ತಾಳೆ. ಅವಳ ಭುಜಕ್ಕೆ ಪೆಟ್ಟಾದ ದಿನ, ನೀನು ಕೆತ್ತಿದ ಏಳನೇ ನಂಬರು ನಡುಹೊಳೆಯಲ್ಲಿ ಅವಳ ಕೈಯಲ್ಲೇ ಮುರಿದಿದ್ದು ಅಲ್ಲೇ ತಾನೆ.

ನೀನಿದ್ದರೆ ನೇರವಾಗಿ ಹೇಳುತ್ತಿದ್ದೆ. ಕೊಳ್ಳಲು ಬಂದವರನ್ನೇ "ಬಂಡೆ ತುಂಬಿದ ತೆಳು ನೀರಾ? ಫೈಬರ್ ತಗೊಳ್ರಪ್ಪ, ನಂದು ಕಲ್ಲು ಒಡೆಯೋಕಲ್ಲ" ಎಂದು ವಾಪಸು ಕಳಿಸುತ್ತಿದ್ದವನು ನೀನು. ಈ ಸಲ ಸ್ಪರ್ಧೆ ನಡೆಯುವುದು ನೊರೆಯಿದ್ದರೂ ಬಂಡೆ ತಾಗದ ಆಳದ ನೀರಿನಲ್ಲಿ. ಅಂದರೆ ನಿನ್ನ ತೀರ್ಪು ಯಾವುದೆಂದು ನನಗೂ ಗೊತ್ತು. ಗೊತ್ತಿದ್ದೂ ಕೇಳುತ್ತಿದ್ದೇನೆ.

ಉಗ್ರಾಣದಲ್ಲಿ ಎಲ್ಲ ನೀನು ಬಿಟ್ಟ ಹಾಗೇ ಇದೆ. ಹಗ್ಗಕ್ಕೊಂದು ಚೀಟಿ, ಹೆಲ್ಮೆಟ್ಟಿಗೊಂದು ನಂಬರು. ನನ್ನ ಈ ಚೀಟಿ ಹುಚ್ಚಿಗೆ ನೀನು ನಗುತ್ತಿದ್ದೆ. "ಎಲ್ಲಕ್ಕೂ ಏನಾದ್ರೂ ಅಂಟಿಸ್ಕೋ, ನನ್ನ ಹುಟ್ಟಿಗೆ ಮಾತ್ರ ತೂತು ಕೊರೀಬೇಡ ಕಣೋ. ಮರಕ್ಕೆ ಒಂದು ಬಾಗಿಲು ತೆಗೆದ್ರೆ ನೀರು ಒಳಗೆ ಹೋಗಿ ಸಂಸಾರ ಹೂಡುತ್ತೆ" ಅನ್ನುತ್ತಿದ್ದೆ. ಆ ಮಾತು ಈಚೆಗೆ ಪದೇ ಪದೇ ನೆನಪಾಗುತ್ತದೆ.

ಏಳನೇ ನಂಬರು ಮುರಿದ ಮೇಲೆ ಕ್ಲಬ್ಬು ಕರೆದ ಆ ಸಭೆಯೂ ನೆನಪಾಗುತ್ತದೆ. ನೀನು ಕೇಳಿದ್ದು ಒಂದೇ: "ಮುರಿದ ತುಂಡು ಎಲ್ಲಿ? ತೋರ್ಸಿ. ನನ್ನ ತಪ್ಪಿದ್ರೆ ಮರವೇ ಹೇಳುತ್ತೆ." ನಾನು ಎದ್ದು ನಿಂತು, ಕೈ ಬೀಸಿ, "ಹುಟ್ಟು ಮುರಿಯಿತು, ಹೊಳೆಯಲಿ ಹರಿಯಿತು, ಅಣ್ಣನ ಕಾಲವು ಸರಿಯಿತು!" ಎಂದೆ. ಎಂಥ ನಗು! ಕಾರ್ಯದರ್ಶಿ ಮೇಜು ಗುದ್ದಿದರು. ಫೈಬರು ಅವತ್ತೇ ಮಂಜೂರಾಯಿತು. ನೀನು ಟೋಪಿ ತೆಗೆದುಕೊಂಡು, ಬಾಗಿಲನ್ನು ಸದ್ದಾಗದ ಹಾಗೆ ಎಳೆದುಕೊಂಡು ಹೋದೆ. ದಡಾರನೆ ಹಾಕಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಆಮೇಲೆ ನಾನು ಪ್ರಾಸ ಕಟ್ಟಿಲ್ಲ ಅಣ್ಣಾ. ಬಾಯಿಗೆ ಬಂದರೂ ನುಂಗಿಕೊಳ್ಳುತ್ತೇನೆ.

ಅತ್ತಿಗೆಗೆ ನಮಸ್ಕಾರ. ಬೆರಳಿಗೆ ಬಿಸಿನೀರಿನ ಶಾಖ ಕೊಡಲು ಹೇಳು. ಸ್ಪರ್ಧೆಗೆ ಬಾ ಎಂದು ಕರೆಯುವ ಮುಖ ನನಗಿಲ್ಲ. ಮಗಳು ಕರೆದಿದ್ದಾಳೆ ಎಂದುಕೋ.

ಇಂತಿ ನಿನ್ನ ತಮ್ಮ,
ನೀನೇ ಹೆಸರಿಟ್ಟ ಪ್ರಾಸಪಂಡಿತ

ಮರೆತೆ: ಮೇಲಿನದೆಲ್ಲ ಬೆಳಿಗ್ಗೆ ಬರೆದದ್ದು. ಅಂಚೆ ಕಚೇರಿ ಮುಚ್ಚುವ ಹೊತ್ತಾಯಿತು, ಬೇಗ ಹೇಳಿಬಿಡುತ್ತೇನೆ. ಮರೆತೆ ಎಂದದ್ದೂ ಸುಳ್ಳು. ಏಳನೇ ನಂಬರಿಗೆ ತೂತು ಕೊರೆದವನು ನಾನು. ನಂಬರು ಮೇಲೆ ಕಾಣುವ ಹಾಗೆ ಸಾಲಾಗಿ ತೂಗುಹಾಕಬೇಕೆಂದು, ಕುತ್ತಿಗೆಗೇ ಕೊರೆದೆ. ಒಂದಕ್ಕೆ ಕೊರೆದ ಮೇಲೆ ನಿನ್ನ ಮಾತು ನೆನಪಾಗಿ ಹೆದರಿ, ಮರದ ಹೊಟ್ಟಿಗೆ ಅಂಟು ಕಲಸಿ ಮೆತ್ತಿ, ಮೇಲೆ ವಾರ್ನಿಷ್ ಬಳಿದೆ. ಎರಡು ವರ್ಷ ಒಳಗೊಳಗೇ ಕೊಳೆತಿದೆ. ಅದನ್ನೇ ಮಗಳ ಕೈಗೆ ಕೊಟ್ಟೆ. ಹೊಳೆಯಲ್ಲಿ ಹೋದದ್ದು ಅಲಗು ಮಾತ್ರ. ಹಿಡಿಯುವ ಕಾವು ಸಿಕ್ಕಿತ್ತು. ಸಭೆಯ ದಿನ ನಿನ್ನ ಕುರ್ಚಿಯ ಹಿಂದಿನ ಕಪಾಟಿನಲ್ಲೇ ಇತ್ತು. ಈ ಪತ್ರದ ಜೊತೆ ಅದನ್ನು ಕಳಿಸುತ್ತಿದ್ದೇನೆ, ಮುರಿದ ತುದಿಯಲ್ಲಿ ಅರ್ಧ ತೂತು ಕಾಣುತ್ತದೆ. ಸೋಮವಾರ ಕಾರ್ಯದರ್ಶಿಗೆ ನಾನೇ ಹೇಳುತ್ತೇನೆ. ಮಗಳಿಗೆ ಈಗಷ್ಟೇ ತೋರಿಸಿದೆ. ಬೆರಳಿಟ್ಟು ನೋಡಿದಳು. ತುಂಡನ್ನು ನನ್ನ ಕಡೆಗೆ ತಳ್ಳಿದಳು. ಎಂಟನೇ ನಂಬರನ್ನು ಎತ್ತಿಕೊಂಡು ಹೊಳೆಗೆ ಹೋದಳು. ಕುತ್ತಿಗೆ ಒತ್ತಿ ನೋಡಲಿಲ್ಲ.